ಅಪ್ಪನ ಕೈಗೊಂದು ಹಗುರವಾದ ಕೋಲು

ಒಂದು ಕೋಲು ಆರಿಸಲು ನನ್ನಪ್ಪ ತೆಗೆದುಕೊಂಡದ್ದು ಮೂರು ತಿಂಗಳು. ಅಷ್ಟರೊಳಗೆ ನಮ್ಮ ಬಿಲ್ಡಿಂಗಿನಲ್ಲಿ ಒಂದು ಮದುವೆ ನಿಶ್ಚಯವಾಗಿ, ನಡೆದು, ಹುಡುಗಿ ಒಮ್ಮೆ ಮುನಿಸಿಕೊಂಡು ತವರಿಗೆ ಬಂದು ಮತ್ತೆ ಹೊರಟೂ ಹೋಗಿದ್ದಳು. ಅಪ್ಪ ಮಾತ್ರ ಇನ್ನೂ ಕೋಲಿನ ತುದಿಗೆ ಒಂದು ಕಣ್ಣು ಮುಚ್ಚಿ ನೋಡುತ್ತ, 'ಉಹ್ಞೂಂ, ಭಾರ' ಎನ್ನುತ್ತಿದ್ದ.

ಕೋಲು ಎಂದರೆ ಮೀನು ಹಿಡಿಯುವ ಕೋಲು. ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ಬಿಡದ ಮನೆ ನಮ್ಮದು. ಆ ಮನೆಯ ಯಜಮಾನನಿಗೆ ಮೀನಿನ ಕೋಲು ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಿಬಿಡಬೇಕು.

ನಾವು ಮೈಸೂರಿನವರು. ಅಪ್ಪ ಮಾತ್ರ ಕೆಲಸ ಮಾಡಿದ್ದು ನೀಲಗಿರಿಯಲ್ಲಿ, ಗಾಳ ಹಾಕುವ ಹವ್ಯಾಸದ ಸಾಹೇಬರ ಒಂದು ಸಂಘದಲ್ಲಿ, ಗುಮಾಸ್ತನಾಗಿ. ಯಾರು ಯಾವ ಹಳ್ಳದಲ್ಲಿ ಎಷ್ಟು ಮೀನು ಹಿಡಿಯಬಹುದು ಎಂದು ಪರವಾನಗಿ ಬರೆದುಕೊಡುವ ಕೆಲಸ. ಮದುವೆಗೆ ಮೊದಲು ಅಮ್ಮನ ತಂದೆ ಇದೆಂಥ ಉದ್ಯೋಗ ಎಂದು ಮೂಗು ಮುರಿದಾಗ ಅಪ್ಪ, 'ನಾನು ಮುಟ್ಟೋದು ಕಾಗದ ಮಾತ್ರ' ಎಂದು ಮಾತು ಕೊಟ್ಟಿದ್ದನಂತೆ. ಅಮ್ಮ ಅದನ್ನು ನಂಬಿದಳು. ಕೇಳಿದವರಿಗೆಲ್ಲ 'ನಮ್ಮನೆಯವರು ಬರೀ ಕಾಗದ ಮುಟ್ತಾರೆ' ಎಂದು ಹೆಮ್ಮೆಯಿಂದ ಹೇಳುತ್ತಲೂ ಇದ್ದಳು. ಇತ್ತ ಅಪ್ಪ ಭಾನುವಾರಗಳಲ್ಲಿ 'ತಪಾಸಣೆ' ಎಂದು ಹೇಳಿ ಹಳ್ಳಕ್ಕೆ ಹೋಗಿ, ಊರು ಬಿಟ್ಟು ಹೋಗುವಾಗ ಒಬ್ಬ ಸಾಹೇಬ ಕೊಟ್ಟಿದ್ದ ಬಿದಿರು ಸೀಳಿನ ಕೋಲಿನಿಂದ ಗಾಳ ಹಾಕಿ, ಸಿಕ್ಕ ಮೀನನ್ನು ಸಿಕ್ಕಲ್ಲೇ ಬಿಟ್ಟು, ಅಲ್ಲೇ ಮುಳುಗು ಹಾಕಿ, ಕೋಲನ್ನು ಆಫೀಸಿನಲ್ಲಿಟ್ಟು ಮನೆಗೆ ಬರುತ್ತಿದ್ದ. ಸುಮಾರು ಮೂವತ್ತು ವರ್ಷ ಹೀಗೇ ನಡೆಯಿತು.

ಅಪ್ಪ ನಿವೃತ್ತನಾಗಿ, ಅವನೂ ಅಮ್ಮನೂ ಮುಂಬಯಿಯ ಭಾಂಡುಪ್‌ನಲ್ಲಿದ್ದ ನನ್ನ ಕ್ವಾರ್ಟರ್ಸಿಗೆ ಬಂದರು. ಒಂದು ಹಾಲ್, ಒಂದು ಕೋಣೆ, ಅಡಿಗೆಮನೆ. ನಾನು ಅಲ್ಲೇ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು, ಆಗಿನ್ನೂ ಮದುವೆಯಾಗಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದ ದಿನಗಳು. ಅಪ್ಪನ ಸಾಮಾನಿನಲ್ಲಿ ಬಟ್ಟೆಯ ಚೀಲದಲ್ಲಿ ಸುತ್ತಿದ್ದ ಎರಡು ತುಂಡು ಕೋಲು ಅಟ್ಟದ ಮೇಲೆ ಹೋಯಿತು. ಏನದು ಎಂದು ನಾನೂ ಕೇಳಲಿಲ್ಲ.

ಅಮ್ಮನಿಗೆ ಮಡಿ ಬಹಳ. ಅಡಿಗೆಗೆ, ಪೂಜೆಗೆ ಉಡುವ ಒಂಬತ್ತು ಗಜದ ಸೀರೆಯನ್ನು ತಾನೇ ಒಗೆದು, ಯಾರ ಮೈಯೂ ತಾಕದ ಹಾಗೆ ಸೂರಿನ ಹತ್ತಿರ ತೂಗುಹಾಕಿದ ಗಳದ ಮೇಲೆ ಕೋಲಿನಿಂದ ಹರವಬೇಕು. ಮರುದಿನ ಸ್ನಾನ ಮಾಡಿ ಅದೇ ಕೋಲಿನಿಂದ ಇಳಿಸಿಕೊಳ್ಳಬೇಕು. ಅದಕ್ಕೆ ಮಡಿಕೋಲು ಎನ್ನುವುದು. ಮುಂಬಯಿಯ ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಏನೂ ಒಣಗುವುದಿಲ್ಲವಾದ್ದರಿಂದ ಹಾಲಿನ ನಟ್ಟನಡುವೆ ಗಳ ಕಟ್ಟಿದೆವು. ಹಳೆಯ ಮಡಿಕೋಲು ನೀಲಗಿರಿಯ ಮನೆಯಲ್ಲೇ ಉಳಿದಿತ್ತು. ಅಮ್ಮ ಅಟ್ಟ ಹುಡುಕಿದಳು. ಚೀಲದಲ್ಲಿ ಕೋಲು ಸಿಕ್ಕಿತು. ತೊಳೆದಳು, ಅರಿಶಿನದ ನೀರು ಚಿಮುಕಿಸಿದಳು, ಎರಡು ತುಂಡನ್ನೂ ಸೇರಿಸಿ ಸೀರೆ ಏರಿಸಿದಳು.

ಅಪ್ಪ ರೇಷನ್ ಅಂಗಡಿಯಿಂದ ಬಂದು ಬಾಗಿಲಲ್ಲೇ ಕಲ್ಲಾಗಿ ನಿಂತನಂತೆ. ಅಮ್ಮ ಖುಷಿಯಲ್ಲಿದ್ದಳು.

"ಎಷ್ಟು ಹಗುರ ಅಂತೀರಿ! ತುದೀಲಿ ಉಂಗುರ ಬೇರೆ ಇದೆ, ಸೆರಗು ಸಿಕ್ಕಿಸಿಕೊಳ್ಳಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲಿತ್ತು ಇದು?"

"ಹ್ಞೂಂ, ಹಳೇದು," ಎಂದಷ್ಟೇ ಅಪ್ಪ ಹೇಳಿದ್ದು.

ನಿಜ ಹೇಳಿದರೆ ಕೋಲು ಮನೆಯಿಂದ ಹೊರಗೆ ಬೀಳುತ್ತದೆ. ಸುಮ್ಮನಿದ್ದರೆ ಕಣ್ಣೆದುರಿಗೇ ಇರುತ್ತದೆ. ಅಪ್ಪನ ಲೆಕ್ಕ ಅಷ್ಟೇ. ಹೀಗೆ ನೀಲಗಿರಿಯ ಎಷ್ಟೋ ಮೀನುಗಳನ್ನು ಎಳೆದ ಕೋಲು ಎರಡು ಮಳೆಗಾಲ ನಮ್ಮಮ್ಮನ ಮಡಿಸೀರೆಯನ್ನು ಎತ್ತಿತು. ಮೂರನೆಯ ಮಳೆಗಾಲದ ಮೊದಲ ವಾರ ಒದ್ದೆ ಸೀರೆಯ ಭಾರಕ್ಕೆ ಅದರ ಮೇಲಿನ ತುಂಡು ಲಟಕ್ಕನೆ ಮುರಿಯಿತು. ಅಮ್ಮ 'ಅಯ್ಯೋ, ಒಳ್ಳೇ ಕೋಲಾಗಿತ್ತು' ಎಂದು ಹಲುಬಿದಳು. ಅಪ್ಪ ಎರಡು ಹೊತ್ತು ಊಟ ಬಿಟ್ಟ.

ಇಷ್ಟೂ ನನಗೆ ತಿಳಿದದ್ದು ಭಾಂಡುಪ್ ಸ್ಟೇಷನ್ನಿನ ಬ್ರಿಜ್ ಮೇಲೆ, ಜೂನ್ ತಿಂಗಳ ಒಂದು ಸಂಜೆ. ನಾನು ಕೆಲಸದಿಂದ ಬರುವುದನ್ನೇ ಕಾದಿದ್ದ ಅಪ್ಪ ನನ್ನನ್ನು ಪಕ್ಕಕ್ಕೆ ಎಳೆದು ಎಲ್ಲವನ್ನೂ ಒಪ್ಪಿಸಿದ. ಕೊನೆಗೆ, "ನನಗೊಂದು ಕೋಲು ಬೇಕು ಕಣೋ. ಸಣ್ಣ ಹಳ್ಳಕ್ಕೆ ಆಗೋವಂಥದು. ಹಗುರದ್ದು," ಎಂದ.

ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಆದರೆ 'ಆಗಲಿ' ಎಂದೆ. ಅದಕ್ಕೆ ಕಾರಣವಿತ್ತು. ಆ ವರ್ಷ ಮಾರ್ಚ್ ತಿಂಗಳಲ್ಲಿ ಅಪ್ಪನಿಗೆ ಲಘುವಾಗಿ ಲಕ್ವಾ ಹೊಡೆದು, ಬಲಗೈ ಸೋತುಹೋಗಿತ್ತು. ಬೆರಳು ಆಡುತ್ತಿತ್ತು, ತೋಳು ಏಳುತ್ತಿರಲಿಲ್ಲ. ದಿನಾ ಎತ್ತಿ ಇಳಿಸಬೇಕು, ಈ ವರ್ಷ ಮುಗಿಯುವುದರೊಳಗೆ ಎಷ್ಟು ಶಕ್ತಿ ಮರಳುತ್ತದೋ ಅಷ್ಟೇ, ಆಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದ್ದರು. ಗೋಡೆಗೆ ಬೆರಳು ಹತ್ತಿಸು ಎಂದರೆ ಅಪ್ಪ 'ನಾನೇನು ಹಲ್ಲಿಯೇ?' ಎಂದು ಸಿಡುಕುತ್ತಿದ್ದ. ಕಾಫಿ ಲೋಟವನ್ನೂ ಎಡಗೈಯಲ್ಲಿ ಹಿಡಿಯುತ್ತಿದ್ದ. ನಾವು ಎಷ್ಟು ಹೇಳಿದರೂ ಅಷ್ಟೇ.

"ಕೋಲು ಬಂದರೆ ಕೈ ತಾನಾಗೇ ಏಳತ್ತೆ," ಎಂದ ಅಪ್ಪ ಆ ಬ್ರಿಜ್ ಮೇಲೆ. "ಈಗ ಹಳ್ಳಗಳಲ್ಲಿ ಕೆಂಪು ನೀರು. ಗಣಪತಿ ಹಬ್ಬ ಕಳೆದರೆ ತಿಳಿಯಾಗತ್ತೆ. ದೀಪಾವಳಿಗೆ ಬತ್ತೇ ಹೋಗತ್ತೆ. ಅದರ ನಡುವೆ ಒಂದು ಸಲ ಎಸೆದು ನೋಡಬೇಕು."

ಹಾಗೆ ಶುರುವಾಯಿತು ನನ್ನ ಗ್ರಹಚಾರ.

ಮೊದಲ ಶನಿವಾರ ಫೋರ್ಟಿನ ಒಂದು ಹಳೆಯ ಅಂಗಡಿಗೆ ಹೋದೆವು. ಮೀನಿನ ಸಲಕರಣೆ, ಬೈನಾಕ್ಯುಲರ್, ಚಾಕು ಇಂಥವನ್ನೆಲ್ಲ ಮಾರುವ ಅಂಗಡಿ. ಗಲ್ಲೆಯಲ್ಲಿ ಒಬ್ಬ ಮುದಿ ಪಾರ್ಸಿ. ಅಪ್ಪ ತನಗೆ ಬೇಕಾದ್ದನ್ನು ತನ್ನ ನೀಲಗಿರಿಯ ಇಂಗ್ಲಿಷಿನಲ್ಲಿ ವಿವರಿಸಿದ: ಇದು ಎರೆಹುಳು ಚುಚ್ಚುವ ಗಾಳವಲ್ಲ, ದಾರ, ಪುಕ್ಕ ಸುತ್ತಿ ನೊಣದಂತೆ ಮಾಡಿದ ಗಾಳ, ಅದಕ್ಕೆ ತೂಕವೇ ಇಲ್ಲ, ಗಾಳದ ಹಗ್ಗದ ತೂಕದಿಂದಲೇ ಅದನ್ನು ಎಸೆಯಬೇಕು, ಆದ್ದರಿಂದ ಕೋಲು ಬಳುಕಬೇಕು. 'ಹುಳು ಕೂಡ ಸಾಯಲ್ಲ, ನಮ್ಮಂಥವರಿಗೇ ಮಾಡಿದ್ದು' ಎಂದು ನನಗೆ ಕನ್ನಡದಲ್ಲಿ ಸೇರಿಸಿದ. ಪಾರ್ಸಿ ಒಳಗೆ ಹೋಗಿ ಜೇನಿನ ಬಣ್ಣದ, ಆರೂವರೆ ಅಡಿಯ, ಎರಡು ತುಂಡಿನ ಫೈಬರ್ ಕೋಲೊಂದನ್ನು ತಂದ. ನಾನು ಹಿಡಿದು ನೋಡಿದೆ. ನನ್ನ ಡ್ರಾಯಿಂಗ್ ಬೋರ್ಡಿನ ಮೇಲೆ ಗೆರೆ ಎಳೆಯುವ ಟೀ-ಸ್ಕ್ವೇರ್ ಪಟ್ಟಿ ಇದಕ್ಕಿಂತ ಭಾರವಿತ್ತು.

ಅಪ್ಪ ಅದನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಬಲಮೊಣಕೈಗೆ ಆಸರೆ ಕೊಟ್ಟು ಎತ್ತಿ, ಆಸರೆ ಬಿಟ್ಟು, ಹದಿನಾರರ ಮಗ್ಗಿ ಶುರುಮಾಡಿದ. ಅದು ಅವನ ಪರೀಕ್ಷೆ. ಹದಿನಾರ್ ಹತ್ಲಿ ನೂರ ಅರವತ್ತು ಎನ್ನುವ ತನಕ ತುದಿ ನಡುಗದೆ ನಿಂತರೆ ಆ ಕೋಲು ಕೈಗೆ ಸರಿ. "ಹದಿನಾರೊಂದ್ಲಿ ಹದಿನಾರು, ಹದಿನಾರೆರಡ್ಲಿ ಮೂವತ್ತೆರಡು, ಹದಿನಾರ್ ಮೂರ್ಲಿ..." ನಲವತ್ತೆಂಟು ಬರುವ ಮೊದಲೇ ಕೋಲು ಕೆಳಗಿಳಿದು ಗಲ್ಲೆಯ ಗಾಜಿಗೆ ತಾಗಿತು.

"ಭಾರ," ಎಂದ ಅಪ್ಪ.

ಪಾರ್ಸಿ ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದ. "ಅರೆ ಡಿಕರಾ, ಇಸ್ಸೆ ಹಲ್ಕಾ ತೋ ಝಾಡೂ ಕಾ ತಿನಕಾ ಆತಾ ಹೈ," ಎಂದು ನನಗೆ ಹೇಳಿದ. ಇದಕ್ಕಿಂತ ಹಗುರ ಬೇಕಾದರೆ ಪೊರಕೆಕಡ್ಡಿಯೇ ಗತಿ ಎಂದು. ನನಗೂ ಹಾಗೇ ಅನ್ನಿಸಿತ್ತು. ಅಪ್ಪನಿಗೆ ಅವಮಾನವಾಯಿತು. ಬೋರಿಬಂದರ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದ್ದೇ, ಕೋಲಿನ ಹಿಡಿಯ ಕಡೆ ತೂಕ ಹೆಚ್ಚಾಗಿದೆ ಎಂದು ಘಾಟ್‌ಕೋಪರ್‌ವರೆಗೆ ವಿವರಿಸಿದ.

ನಾನು ಕಾರ್ಖಾನೆಯಲ್ಲಿ ಬಾಯಿ ಬಿಟ್ಟದ್ದು ಎರಡನೆಯ ತಪ್ಪು. ನಮ್ಮ ಫಿಟರ್ ಒಬ್ಬ ಮಲಾಡಿನ ಆಚೆ ಸಮುದ್ರದ ದಂಡೆಯ ಕೋಳಿ ಜನಾಂಗದವನು, ಎಂದರೆ ಮೀನುಗಾರರ ಮನೆಯವನು. ನಮ್ಮಪ್ಪನಿಗೆ ಗಾಳದ ಕೋಲು ಬೇಕು ಎಂದದ್ದೇ, ಪುಣ್ಯಾತ್ಮ ಮಾರನೆಯ ದಿನವೇ ಲೋಕಲ್ ಗಾಡಿಯ ಲಗೇಜ್ ಡಬ್ಬಿಯಲ್ಲಿ ಹೊತ್ತು ತಂದ. ಹನ್ನೆರಡು ಅಡಿಯ ಗಟ್ಟಿ ಬಿದಿರು. ಬೇಡವೆನ್ನಲು ನಾಲಿಗೆ ಬರಲಿಲ್ಲ. ಅಮ್ಮನ ಕಣ್ಣು ತಪ್ಪಿಸಿ ಬಿಲ್ಡಿಂಗಿನ ಟೆರೇಸಿಗೆ ಸಾಗಿಸಿದೆ. ಇದು ಹಳ್ಳಕ್ಕಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಅಪ್ಪ ಹಾಗೆ ಮಾಡುವವನಲ್ಲ. ನ್ಯಾಯವಾಗಿ ಪರೀಕ್ಷೆ ಆಗಬೇಕಲ್ಲ! ಬಿದಿರಿನ ಬುಡವನ್ನು ನನ್ನ ಹೆಗಲ ಮೇಲೆ ಇಡಿಸಿ, ತಾನು ನಡುಭಾಗ ಹಿಡಿದು, ಎತ್ತಿ, ಮಗ್ಗಿ ಹೇಳಿದ. ಮಳೆ ಹನಿಯುತ್ತಿತ್ತು. ನೀರಿನ ಟಾಂಕಿ ನೋಡಲು ಬಂದ ವಾಚ್‌ಮನ್, ವಿಜಾಪುರದ ಕಡೆಯವನು, ಬಾಯಿ ತೆರೆದು ನಿಂತುಬಿಟ್ಟ.

"ಯಜಮಾನ್ರ, ಏನ್ ಮಾಡಾಕ್ಹತ್ತೀರಿ? ಟಿ.ವಿ. ಅಂಟೆನಾ ಹಚ್ಚಾವ್ರೇನ್ರಿ?"

"ಹೌದಪ್ಪ, ಅಂಟೆನಾ," ಎಂದೆ ನಾನು.

"ಹಂಗಾರ ಹಿಂಗ್ಯಾಕ್ ಮಗ್ಗಿ ಹೇಳ್ತೀರಿ?"

ಅಪ್ಪ ಹದಿನಾರ್ ನಾಲ್ಕ್ಲಿ ಅರವತ್ನಾಲ್ಕು ಎಂದು ಕೈಬಿಟ್ಟ. ಇಡೀ ಬಿದಿರು ನನ್ನ ಹೆಗಲಿಗೆ ಬಿತ್ತು. ಅದನ್ನು ಫಿಟರನಿಗೇ ಮರಳಿಸಿ, ಮೂರು ದಿನ ಎಣ್ಣೆ ತಿಕ್ಕಿಕೊಂಡು ನಕ್ಷೆ ಬರೆದೆ.

ಆಮೇಲೆ ಚೋರ್ ಬಜಾರ್. ಅಲ್ಲೊಂದು ಬಿದಿರು ಸೀಳಿನ ಕೋಲು ಇದೆ ಎಂದು ಯಾರೋ ಹೇಳಿದ್ದು ನಿಜವೇ ಆಯಿತು. ಒಡೆದ ಗ್ರಾಮಫೋನು, ದೀಪದ ಗೊಂಚಲುಗಳ ನಡುವೆ ಅದು ಸಿಕ್ಕಾಗ ಗ್ರಹಚಾರ ಬಿಟ್ಟಿತು ಅಂದುಕೊಂಡೆ. ಹಗುರ ಎಂದರೆ ಹಗುರ. ಅಪ್ಪನ ಮುಖ ಅರಳಿತು. ಅವನು ಅದನ್ನು ಕಣ್ಣಿಗೆ ಹಿಡಿದು ತುದಿಯವರೆಗೆ ನೋಡಿದ, ತಿರುಗಿಸಿ ನೋಡಿದ, ಹಿತ್ತಾಳೆಯ ಕೀಲನ್ನು ತಿರುಚಿ ಕಿವಿಗೆ ಹಿಡಿದು ಕೇಳಿದ. ಬೀದಿಯ ನಡುವೆ ನಿಂತು ಮಗ್ಗಿ ಹೇಳಿದ. ಹದಿನಾರಾರ್ಲಿ ತೊಂಬತ್ತಾರರವರೆಗೂ ಹೋಯಿತು. ಕೈಗಾಡಿಯವರು ಬಯ್ದುಕೊಂಡು ಸುತ್ತಿ ಹೋದರು. ಒಂದು ಗಂಟೆ ಹಿಡಿದುಕೊಂಡೇ ಇದ್ದವನು ಅದನ್ನು ನಿಧಾನವಾಗಿ ಅಂಗಡಿಯವನ ಕೈಗೆ ಕೊಟ್ಟ.

"ಏನಾಯ್ತು?"

"ಬೆನ್ನು ಬಾಗಿದೆ. ಯಾರೋ ವರ್ಷಗಟ್ಟಲೆ ಗೋಡೆಗೆ ಓರೆಯಾಗಿ ಒರಗಿಸಿಟ್ಟಿದಾರೆ. ಪಾಪಿಗಳು."

"ಸ್ವಲ್ಪ ಬಾಗಿದ್ದರೆ ಏನಪ್ಪ? ಮೀನು ನೋಡತ್ತಾ?"

"ಮೀನು ನೋಡಲ್ಲ. ನಾನು ನೋಡ್ತೀನಿ."

ನನಗೆ ತಲೆ ಚಿಟ್ಟು ಹಿಡಿಯಿತು. ಮುಂದೆ ನನಗೆ ಹೆಣ್ಣು ನೋಡಲು ಹೋದಾಗ ಕೂಡ ನಮ್ಮ ಮನೆಯಲ್ಲಿ ಇಷ್ಟು ತಕರಾರು ಆಗಲಿಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಜೋಗೇಶ್ವರಿಯ ವರ್ಕ್‌ಶಾಪಿನವನೊಬ್ಬ ಫೈಬರ್ ಕಡ್ಡಿಯಿಂದ ಮಾಡಿಕೊಡುತ್ತೇನೆಂದು ಹೇಳಿ, ಮಾಡಿಯೂ ಕೊಟ್ಟ; ಅಪ್ಪ ಅದನ್ನು ಮುಟ್ಟಿ, 'ಇದು ಛತ್ರಿ ಕಡ್ಡಿ' ಎಂದು ತೀರ್ಪು ಕೊಟ್ಟ. ಪ್ರತಿ ಸಲವೂ ನನಗೆ ಅದೇ ಪಾಠ. ಸಣ್ಣ ಹಳ್ಳದಲ್ಲಿ ತಲೆಯ ಮೇಲೆ ಪೊದೆ ಇರುತ್ತದೆ, ಉದ್ದ ಕೋಲು ಸಿಕ್ಕಿಬೀಳುತ್ತದೆ. ನಾಲ್ಕು ಮಾರು ಹಗ್ಗಕ್ಕೆಲ್ಲ ಹಿಡಿಯವರೆಗೂ ಬಳುಕುವ ಮೆತ್ತನೆಯ ಕೋಲು ಬೇಕು, ಬಿರುಸು ಕೋಲಿಗೆ ದೂರದ ಎಸೆತವೇ ಆಗಬೇಕು. ಒಳ್ಳೆಯ ಕೋಲು ಕೈಯಲ್ಲಿದೆ ಎಂಬುದು ಕೈಗೆ ಮರೆತುಹೋಗಬೇಕು. ನಾನು ಕನಸಿನಲ್ಲೂ ಇದನ್ನು ಒಪ್ಪಿಸಬಲ್ಲವನಾಗಿದ್ದೆ. ಹಳ್ಳ ಮಾತ್ರ ಇನ್ನೂ ಒಂದನ್ನೂ ಕಂಡಿರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಬೇರೆ ಗೋಳು. ಕೋಲು ಮುರಿದ ಮೇಲೆ ಸ್ಟೂಲ್ ಹತ್ತಿ ಸೀರೆ ಹರವುತ್ತಿದ್ದಳು. "ಅಪ್ಪ ಮಗ ಶನಿವಾರ ಶನಿವಾರ ಊರು ಸುತ್ತುತ್ತೀರಿ, ನನಗೊಂದು ಮಡಿಕೋಲು ತರಕ್ಕಾಗಲ್ವಾ?" ಎಂದು ದಿನಾ ಕೇಳುತ್ತಿದ್ದಳು. ಅಪ್ಪ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ.

ಗಣಪತಿ ಹಬ್ಬ ಮುಗಿದು, ನೀರಿಗೆ ಬಿಟ್ಟದ್ದೂ ಆದ ಮೇಲಿನ ಶನಿವಾರ ಮತ್ತೆ ಫೋರ್ಟಿಗೆ ಹೋದೆವು. ನನಗೆ ಆಸೆ ಉಳಿದಿರಲಿಲ್ಲ. ಪಾರ್ಸಿ ಅಪ್ಪನನ್ನು ಕಂಡದ್ದೇ ಎದ್ದು, ಒಳಗೆ ಹೋಗಿ, ಅದೇ ಜೇನುಬಣ್ಣದ ಕೋಲನ್ನು ತಂದಿಟ್ಟ. ಅಪ್ಪ ಹಿಡಿದ. ಈ ಸಲ ಎಡಗೈಯ ಆಸರೆ ಕೊಡಲಿಲ್ಲ. ಹದಿನಾರೊಂದ್ಲಿ ಹದಿನಾರು. ನಾನು ಬೀದಿಯ ಕಡೆ ನೋಡುತ್ತ ನಿಂತಿದ್ದೆ. ಹದಿನಾರೆಂಟ್ಲಿ ನೂರ ಇಪ್ಪತ್ತೆಂಟು ಎನ್ನುವಾಗ ತಿರುಗಿದೆ. ಹದಿನಾರ್ ಹತ್ಲಿ ನೂರ ಅರವತ್ತು. ತುದಿ ಅಲುಗಲಿಲ್ಲ.

"ಇದೇ," ಎಂದ ಅಪ್ಪ. "ಇದು ಸರಿಯಾಗಿದೆ."

"ಅಪ್ಪ, ಮೊದಲನೇ ದಿನ ಇದನ್ನೇ ಅಲ್ವಾ ಭಾರ ಅಂದಿದ್ದು?" ನನ್ನ ದನಿ ಏರಿತು. "ಮೂರು ತಿಂಗಳಲ್ಲಿ ಕೋಲು ಸಣ್ಣಗಾಯ್ತಾ?"

"ಅವತ್ತು ಭಾರ ಇತ್ತು," ಎಂದ, ಹಟ ಬಿಡದೆ.

ಪಾರ್ಸಿ ನನ್ನ ತೋಳು ಮುಟ್ಟಿ ಅಪ್ಪನ ಬಲಗೈಯನ್ನು ಕಣ್ಣಿನಿಂದಲೇ ತೋರಿಸಿದ. ಆಗಲೇ ನನ್ನ ಮಂದಬುದ್ಧಿಗೆ ಹೊಳೆದದ್ದು. ಗೋಡೆಗೆ ಬೆರಳು ಹತ್ತಿಸಲು ಒಪ್ಪದ ಕೈ ಮೂರು ತಿಂಗಳು ಊರಿನ ಕೋಲುಗಳನ್ನೆಲ್ಲ ಎತ್ತಿ ಎತ್ತಿ ಇಳಿಸಿತ್ತು. ಸಂತೋಷವಾಯಿತು, ಸುಳ್ಳು ಹೇಳಲಾರೆ. ಕೋಪವೂ ಹೋಗಲಿಲ್ಲ.

ಕೋಲನ್ನು ನನ್ನ ದೊಡ್ಡ ಡ್ರಾಯಿಂಗ್ ಟ್ಯೂಬಿನಲ್ಲಿ ಹಾಕಿಕೊಂಡು ಮನೆಗೆ ತಂದೆವು. ಮರುದಿನ ಬೆಳಿಗ್ಗೆ ಕರ್ಜತ್ ಕಡೆಯ ಒಂದು ಹಳ್ಳಕ್ಕೆ ಹೋಗುವುದು ಎಂದು ಗೊತ್ತಾಗಿತ್ತು. ಅಮ್ಮ ಭಜನೆಗೆ ಹೋಗಿದ್ದಳು. ಅಪ್ಪ ತಡೆಯಲಾರದೆ ಕೋಲನ್ನು ಜೋಡಿಸಿ ಹಾಲಿನ ನಡುವೆ ಬೀಸಿ ನೋಡುತ್ತಿದ್ದಾಗಲೇ ಬಾಗಿಲು ತೆರೆಯಿತು. ಭಜನೆಯ ಮನೆಯಲ್ಲಿ ಯಾರಿಗೋ ಜ್ವರವಂತೆ, ಅಮ್ಮ ಬೇಗ ಬಂದಿದ್ದಳು.

"ಏನ್ರೀ ಅದು?"

ಅಪ್ಪ ಕಣ್ಣು ಕೂಡ ಮಿಟುಕಿಸಲಿಲ್ಲ. "ನಿನ್ನ ಮಡಿಕೋಲು ಮುರಿದಿತ್ತಲ್ಲ. ತಂದಿದೀವಿ."

ಅಮ್ಮನ ಮುಖ ಊರಗಲವಾಯಿತು. ಆಗಲೇ ಕಸಿದುಕೊಂಡು ತೊಳೆದು ಅರಿಶಿನದ ನೀರು ಹಾಕಿ ದೇವರ ಗೂಡಿನ ಪಕ್ಕ ನಿಲ್ಲಿಸಿಬಿಟ್ಟಳು. ನಾನು ಅಪ್ಪನನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಪಿಸುದನಿಯಲ್ಲೇ ಸಿಡಿದೆ. "ಈಗ ಏನು ಮಾಡೋದು?" ಅಪ್ಪ, "ಬೆಳಿಗ್ಗೆ ಅವಳು ಅಡಿಗೆಮನೆಗೆ ಹೋದ ಮೇಲೆ ಎತ್ತಿಕೊಂಡು ಹೋದರಾಯ್ತು. ಸಾಯಂಕಾಲ ತಂದು ಅಲ್ಲೇ ಇಟ್ಟರಾಯ್ತು," ಎಂದ. ಮೂವತ್ತು ವರ್ಷ ಅವನು ಹೇಗೆ ನಿಭಾಯಿಸಿದ ಎಂದು ನನಗೆ ಆ ಕ್ಷಣ ಅರ್ಥವಾಯಿತು.

ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅಮ್ಮ ಒಗೆದ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿದ್ದಳು. ಒಂಬತ್ತು ಗಜದ ನೂಲಿನ ಸೀರೆ, ನೀರು ತೊಟ್ಟಿಕ್ಕುತ್ತಿತ್ತು. ಕೋಲು ಅರ್ಧಕ್ಕೆ ಬಾಗಿ, ಇನ್ನೂ ಬಾಗಿ, ತುದಿ ನೆಲದ ಕಡೆಗೇ ತಿರುಗಿತು. "ಇದೇನು ಹೀಗೆ ಬಳುಕತ್ತೆ, ದರಿದ್ರದ್ದು!" ಎಂದು ಅಮ್ಮ ಎರಡೂ ಕೈಯಲ್ಲಿ ಮೇಲಕ್ಕೆ ಜಗ್ಗಿದಳು. ಅಪ್ಪ ಕುರ್ಚಿಯಲ್ಲಿ ಕೂತು, ಬಿಳಿಚಿಕೊಂಡು, ನೋಡುತ್ತಲೇ ಇದ್ದ. ಆಗಲೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ! ಮೂರು ತಿಂಗಳ ಸಿಟ್ಟು ನನ್ನ ನೆತ್ತಿಗೇರಿತು.

"ಅಮ್ಮ, ಬಿಡು ಅದನ್ನ! ಅದು ಮೀನು ಹಿಡಿಯೋ ಕೋಲು! ಮುರಿದುಹೋದದ್ದೂ ಮೀನು ಹಿಡಿದ ಕೋಲೇ!"

ಹೇಳಿದ ಮೇಲೆ ನನಗೇ ಭಯವಾಯಿತು. ಅಮ್ಮ ಕೂಗಾಡಲಿಲ್ಲ. ಕೋಲನ್ನು ಮೆಲ್ಲಗೆ ಇಳಿಸಿ, ಸೀರೆ ಬಿಡಿಸಿ, ನೆಲದ ಮೇಲೆ ಇಟ್ಟಳು.

"ನಿಂಗ್ಯಾವಾಗ ಗೊತ್ತಾಯ್ತು?" ಎಂದು ನನ್ನನ್ನು ಕೇಳಿದಳು.

"ಜೂನ್‌ನಲ್ಲಿ."

ಆಮೇಲೆ ಅಪ್ಪನ ಕಡೆ ತಿರುಗಿದಳು. "ಎರಡು ಮಳೆಗಾಲ ನಾನು ಅದರಲ್ಲಿ ಸೀರೆ ಒಣಗಿಸಿ, ಉಟ್ಟು, ದೇವರ ಮುಂದೆ ಕೂತೆ. ನೀವು ಇಲ್ಲೇ ಈ ಕುರ್ಚೀಲಿ ಕೂತು ನೋಡಿದಿರಿ."

"ಹೇಳಿದ್ದರೆ ನೀನು ಎಸೀತಿದ್ದೆ," ಎಂದ ಅಪ್ಪ, ಕೇಳಿಸಿಯೂ ಕೇಳಿಸದ ಹಾಗೆ.

"ಎಸೀತಿದ್ದೆ. ಎಸೆದು ಎರಡು ದಿನ ಬಯ್ತಿದ್ದೆ. ಅಷ್ಟೇ ಅಲ್ವಾ? ಅದಕ್ಕೆ ಹೆದರಿ ನನ್ನನ್ನ ಹುಚ್ಚಿ ಮಾಡಿದ್ರಾ?"

ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಮೀನಿನ ಮೈಲಿಗೆಗೆ ತಲೆಗೊಂದು ಸ್ನಾನ ಸಾಕಿತ್ತು. ಆದರೆ ಮೂವತ್ತು ವರ್ಷ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡ ಮಾತಿಗೆ ಯಾವ ಅರಿಶಿನದ ನೀರು? ಅದು ಅಪ್ಪನಿಗೂ ಗೊತ್ತಾಯಿತು. ಆ ಭಾನುವಾರ ನಾವು ಎಲ್ಲಿಗೂ ಹೋಗಲಿಲ್ಲ.

ಆ ವಾರ ನನ್ನ ಜನ್ಮದ ಅತಿ ಉದ್ದದ ವಾರ. ಅಮ್ಮ ಬರೀ ಮೈಲಿಗೆಯ ಸೀರೆಯಲ್ಲೇ ಅಡಿಗೆ ಮಾಡಿದಳು. ದೇವರ ಗೂಡನ್ನು ಮುಟ್ಟಲಿಲ್ಲ; ದೀಪ ನನ್ನ ಕೈಯಲ್ಲಿ ಹಚ್ಚಿಸಿದಳು. ಹಾಲಿನಲ್ಲಿ ಗಳ ಬೋಳಾಗಿ ತೂಗುತ್ತಿತ್ತು. ಅಪ್ಪ ಕೋಲನ್ನು ಟ್ಯೂಬಿಗೆ ಹಾಕಿ ನನ್ನ ಮಂಚದ ಕೆಳಗೆ ತಳ್ಳಿ, ಬಲಗೈಯನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡು ಕೂತ. ಲೋಟ ಎಡಗೈಯಲ್ಲೇ ಉಳಿಯಿತು. ನನ್ನ ಒಂದು ಕೂಗಿಗೆ ಮೂರು ತಿಂಗಳು ಎತ್ತಿದ ಕೈ ಕೆಳಗಿಳಿದಿತ್ತು. ಅಮ್ಮನೂ ಅದನ್ನು ನೋಡುತ್ತಿದ್ದಳು ಎಂಬುದು ನನಗೆ ತಿಳಿದಿರಲಿಲ್ಲ.

ಮುಂದಿನ ಶನಿವಾರ ಅಮ್ಮ ನನಗೆ ಹೇಳಿದಳು, ಅಪ್ಪನಿಗೆ ಕೇಳುವ ಹಾಗೆ. "ನಾಳೆ ಅವರನ್ನ ಕರ್ಕೊಂಡು ಹೋಗು. ಬುತ್ತಿ ಕಟ್ಟಿಕೊಡ್ತೀನಿ. ಅಷ್ಟು ಹುಡುಕಿದ್ದು ಮಂಚದ ಕೆಳಗೆ ಇಡಕ್ಕಾ?"

ಹೋದೆವು. ಥಾಣೆಯಲ್ಲಿ ಗಾಡಿ ಬದಲಿಸಿ, ಕರ್ಜತ್‌ಗೆ ಮೊದಲೇ ಇಳಿದು, ಗದ್ದೆಯ ಬದುವಿನಲ್ಲಿ ಅಪ್ಪನನ್ನು ಹಿಡಿದುಕೊಂಡು ನಡೆಸಿದೆ. ಹಳ್ಳ ನಾನು ಅಂದುಕೊಂಡಿದ್ದಕ್ಕಿಂತ ಸಣ್ಣದು, ಒಂದು ಎಮ್ಮೆ ಅಡ್ಡ ಮಲಗಿದರೆ ಮುಗಿಯಿತು. ನೀರು ಮಾತ್ರ ತಿಳಿ. ಅಪ್ಪ ಮೊಣಕಾಲಿನವರೆಗೆ ನೀರಿಗಿಳಿದು ಕೋಲು ಎತ್ತಿದ. ಮೊದಲ ಎಸೆತ ಪೊದೆಗೆ, ಎರಡನೆಯದು ನನ್ನ ಅಂಗಿಗೆ. ಮೂರನೆಯದು ಒಂದು ಬಂಡೆಯ ಪಕ್ಕ, ಸದ್ದಿಲ್ಲದೆ, ಕೆಂಪು ರೇಷ್ಮೆ ದಾರದ ನೊಣ ನೀರಿನ ಮೇಲೆ ಕೂತಿತು. ಆ ರೇಷ್ಮೆ ಯಾರ ಸೀರೆಯ ಕುಚ್ಚಿನದು ಎಂದು ನಾನು ಕೇಳಲು ಹೋಗಲಿಲ್ಲ. ಕೋಲಿನ ತುದಿ ಮಿಸುಕಿತು. ಬೆರಳುದ್ದದ ಬೆಳ್ಳನೆಯ ಮೀನು. ಅಪ್ಪ ಅದನ್ನು ನೀರಿನಲ್ಲೇ ಹಿಡಿದು ಬಿಡಿಸಿ ಬಿಟ್ಟ. ನಾನು ಅವನ ಮುಖ ನೋಡಿದೆ. ನಗುತ್ತಿದ್ದ, ಆದರೆ ಸ್ವಲ್ಪ ಹೊತ್ತಿಗೇ ಬಂದು ಬಂಡೆಯ ಮೇಲೆ ಕೂತ.

"ಸಾಕು," ಎಂದ. "ಹೋಗೋಣ. ಅವಳೊಬ್ಬಳೇ ಇದಾಳೆ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದು ಇಬ್ಬರ ತಲೆಯ ಮೇಲೂ ನೀರು ಸುರಿದಳು. ಆಮೇಲೆ ವಾರದಲ್ಲಿ ಮೊದಲ ಸಲ ಅಪ್ಪನನ್ನು ನೇರವಾಗಿ ಕೇಳಿದಳು.

"ಕೈ ಎದ್ದಿತಾ?"

"ಎದ್ದಿತು."

"ಎಷ್ಟು ಹೊತ್ತು?"

"ಒಂದರ್ಧ ಗಂಟೆ."

"ಹಾಗಾದ್ರೆ ನಾಳೆಯಿಂದ ಸ್ನಾನ ಮಾಡಿ ಮಡಿ ಪಂಚೆ ಉಟ್ಟುಕೊಂಡು ಬನ್ನಿ. ನನ್ನ ಸೀರೆ ನೀವೇ ಗಳಕ್ಕೆ ಏರಿಸಬೇಕು, ನೀವೇ ಇಳಿಸಬೇಕು. ಮೀನಿಗೆ ಏಳೋ ಕೈ ಇದಕ್ಕೂ ಏಳತ್ತೆ." ನನ್ನ ಕಡೆ ತಿರುಗಿ, "ನೀನು ಹೋಗಿ ಒಂದು ಬಿದಿರಿನ ಕೋಲು ತಾ. ಗಟ್ಟಿದು. ಬಳುಕೋದು ಗಿಳುಕೋದು ಬೇಡ," ಎಂದಳು.

ಸ್ಟೇಷನ್ ರಸ್ತೆಯ ಬಿದಿರಿನವನ ಹತ್ತಿರ ಮೊದಲು ಕೈಗೆ ಸಿಕ್ಕಿದ್ದನ್ನೇ ಎತ್ತಿಕೊಂಡೆ. ಎರಡು ನಿಮಿಷದ ಕೆಲಸ. ಬರುವಾಗ ಸಿಟ್ಟು ತಡೆಯಲಾರದೆ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಅದನ್ನು ತೂಗಿಸಿಯೂ ನೋಡಿದೆ. ನನ್ನ ಟೀ-ಸ್ಕ್ವೇರಿನಂಥವು ಆರೋ ಏಳೋ ಸೇರಿದರೂ ಅದರ ಸಮಕ್ಕೆ ಬರುತ್ತಿರಲಿಲ್ಲ.

ಅಪ್ಪ ಮರುದಿನದಿಂದ ಶುರುಮಾಡಿದ. ಒದ್ದೆ ಪಂಚೆಯಲ್ಲಿ ನಿಂತು, ಆ ಬಿದಿರಿನ ತುದಿಗೆ ಒಂಬತ್ತು ಗಜದ ಹಸಿ ಸೀರೆ ಸಿಕ್ಕಿಸಿ, ಹಲ್ಲು ಕಚ್ಚಿ ಎತ್ತುತ್ತಿದ್ದ. ಅಮ್ಮ ಕೆಳಗೆ ನಿಂತು, 'ಎಡಕ್ಕೆ... ಇನ್ನೂ ಎಡಕ್ಕೆ... ಮಗ್ಗಿ ಬೇಡ, ದೇವರ ಹೆಸರು ಹೇಳಿ' ಎನ್ನುತ್ತಿದ್ದಳು. ಚಳಿಗಾಲ ಬರುವ ಹೊತ್ತಿಗೆ ಕಾಫಿ ಲೋಟ ಬಲಗೈಗೆ ಮರಳಿತ್ತು. ಜೇನುಬಣ್ಣದ ಕೋಲು ಮತ್ತೆ ಎರಡೇ ಸಲ ಹಳ್ಳ ಕಂಡಿತು. ಬಿದಿರನ್ನು ಅವನು ಮುಂದೆ ಒಂಬತ್ತು ವರ್ಷ, ಅಮ್ಮ ಇರುವ ತನಕ, ದಿನಕ್ಕೆ ಎರಡು ಸಲ ಎತ್ತಿದ. ಅದನ್ನು ಒಂದು ದಿನವೂ ಭಾರ ಎನ್ನಲಿಲ್ಲ.